ಸಹಾಯ ಬೇಕು: ಮಂಜು ಕವಿಯೋದಕ್ಕೆ ‘ಎನ್ವೆಲಪ್’ ಸರಿನಾ?

ಮಡಿಕೇರಿ ಹತ್ತಿರ ನಮ್ಮದೊಂದು ಪುಟ್ಟ ಹೋಂಸ್ಟೇ ಇದೆ. ಅದರ ಬಗ್ಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆಯಲು ಹೋಗಿ ಸಿಕ್ಕಿಹಾಕಿಕೊಂಡಿದ್ದೇನೆ. ಮಳೆಗಾಲದಲ್ಲಿ ಮಂಜು ಇಡೀ ತೋಟವನ್ನು ಕವಿದುಬಿಡುತ್ತದೆ, ಎದುರಿನ ಸಿಲ್ವರ್ ಮರವೂ ಕಾಣುವುದಿಲ್ಲ. ಅದಕ್ಕೆ ‘ಎನ್ವೆಲಪ್’ ಅಂತ ಬರೆದೆ. ಮಗಳು ‘ಅಪ್ಪಾ, ಅದು ಲಕೋಟೆ ಅಲ್ವಾ’ ಅಂತ ನಕ್ಕಳು. ಡಿಕ್ಷನರಿ ನೋಡಿದೆ. ಲಕೋಟೆಗೆ ಕೊನೆಯಲ್ಲಿ ‘ಇ’ ಅಕ್ಷರ ಇದೆ, ಕ್ರಿಯಾಪದಕ್ಕೆ ಇಲ್ಲ. ಅರ್ಥ, ಸುತ್ತಲೂ ಆವರಿಸು. ಅಲ್ಲಿಗೆ ಸರಿ. ‘ಎಂಗಲ್ಫ್’ ಕೂಡ ಸಿಕ್ಕಿತು. ಅದು ಬೆಂಕಿ, ಪ್ರವಾಹ ನುಂಗುವ ಹಾಗೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಾದ ಪ್ರವಾಹ, ಭೂಕುಸಿತ ನೆನಪಾಗಿ ಆ ಪದ ಬಿಟ್ಟುಬಿಟ್ಟೆ.

ತೊಡಕು ಇರುವುದು ಇಲ್ಲಿ. ಹೂಮಳೆ, ಅಂದರೆ ಕಾಫಿ ಗಿಡ ಹೂ ಬಿಡಲು ಬೇಕಾದ ಬೇಸಿಗೆ ಮಳೆ, ಆದಮೇಲೆ ಕಾಫಿ ಹೂ ತೋಟವನ್ನೆಲ್ಲ ಬೆಳ್ಳಗೆ ಮುಚ್ಚುತ್ತದಲ್ಲ, ಅದಕ್ಕೂ ‘ಎನ್ವೆಲಪ್’ ನಡೆಯುತ್ತಾ, ಇಲ್ಲಾ ‘ಬ್ಲ್ಯಾಂಕೆಟ್’ ಅನ್ನಬೇಕಾ?