ಬಜ್ಪೆಯಲ್ಲಿ ಪ್ರಯಾಣಿಕರ ಲೆಕ್ಕ ಏಕೆ ಏರುತ್ತದೆ, ಏಕೆ ಇಳಿಯುತ್ತದೆ? ಕೇಳಿ, ಹೇಳುತ್ತೇನೆ

ಎಲ್ಲರಿಗೂ ನಮಸ್ಕಾರ. ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ದಾಟಿತು. ಹೆಚ್ಚಿನ ಕಾಲ ಕಳೆದದ್ದು ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದಲ್ಲೇ. ವಿಮಾನಕ್ಕೆ ಎಷ್ಟು ಜನ, ಎಷ್ಟು ಬ್ಯಾಗ್, ಎಷ್ಟು ಸರಕು ಹತ್ತಬಹುದು ಎಂದು ಲೆಕ್ಕ ಹಾಕಿ ಲೋಡ್ ಶೀಟ್ ತಯಾರಿಸುವುದು ನನ್ನ ಕೆಲಸ. ಗುಂಪಿನ ಅಡ್ಮಿನ್ ಕೇಳಿದ್ದರಿಂದ ಇವತ್ತು ಸಂಜೆ ಇಲ್ಲಿದ್ದೇನೆ.

ಪ್ರಶ್ನೆ (ಸುರತ್ಕಲ್): ಸರ್, 2018-19ರಲ್ಲಿ ಬಜ್ಪೆಯಲ್ಲಿ 22 ಲಕ್ಷಕ್ಕೂ ಜಾಸ್ತಿ ಪ್ರಯಾಣಿಕರಿದ್ದರು. ಮರುವರ್ಷ 19 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಎಲ್ಲರೂ ಕೊರೊನಾ ಅಂತಾರೆ. ಆದರೆ ವಿಮಾನ ನಿಂತದ್ದು ಮಾರ್ಚ್ ಕೊನೆಗೆ ಅಲ್ವಾ? ಒಂದು ವಾರಕ್ಕೆ ಮೂರು ಲಕ್ಷ ಜನ ಹೇಗೆ ಕಡಿಮೆಯಾಗುತ್ತಾರೆ?

ಉತ್ತರ: ನೀವು ಹಿಡಿದದ್ದು ಸರಿಯಾಗಿದೆ. ಈ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ದೇಶದೊಳಗಿನ ವಿಮಾನಗಳು ನಿಂತದ್ದು 2020ರ ಮಾರ್ಚ್ 25ರಿಂದ. ಆ ವರ್ಷದ ಇಳಿತಕ್ಕೆ ಕೊರೊನಾ ಮುಖ್ಯ ಕಾರಣ ಅಲ್ಲವೇ ಅಲ್ಲ.

ಒಂದು ಸಣ್ಣ ಲೆಕ್ಕ ಹಾಕೋಣ. ದಿನಾ ಬಂದು ಹೋಗುವ ಒಂದು ಏರ್‌ಬಸ್ 320 ಇದೆ ಅಂದುಕೊಳ್ಳಿ. ಸೀಟು 180. ನೂರಕ್ಕೆ ಎಂಬತ್ತು ತುಂಬಿದರೆ 144 ಜನ. ಬರುವವರು 144, ಹೋಗುವವರು 144. ವರ್ಷಕ್ಕೆ ಗುಣಿಸಿದರೆ ಒಂದು ಲಕ್ಷದ ಮೇಲೆ ಐದು ಸಾವಿರ ಚಿಲ್ಲರೆ. ಅಂದರೆ ನಿತ್ಯದ ಒಂದು ವಿಮಾನ ಬಂದರೆ ಲಕ್ಷ ಏರಿತು, ಹೋದರೆ ಲಕ್ಷ ಇಳಿಯಿತು. ಅದೇ ಜಾಗದಲ್ಲಿ 78 ಸೀಟಿನ ಎಟಿಆರ್, ಅಂದರೆ ರೆಕ್ಕೆಯಲ್ಲಿ ಪಂಖ ತಿರುಗುವ ಸಣ್ಣ ವಿಮಾನ, ಇದ್ದರೆ 45 ಸಾವಿರ ಅಷ್ಟೆ. ಹಾಗಾಗಿ ಮೂರೂವರೆ ಲಕ್ಷ ಇಳಿಯಲು ನಮ್ಮ ಜಿಲ್ಲೆಯ ಜನ ಪ್ರಯಾಣ ಬಿಡಬೇಕಾಗಿಲ್ಲ. ದಿನದ ಮೂರು ನಾಲ್ಕು ವಿಮಾನ ಇಲ್ಲವಾದರೆ ಸಾಕು.

ಆ ವರ್ಷ ಆದದ್ದೂ ಅದೇ. 2019ರ ಏಪ್ರಿಲ್ 17ರಂದು ಜೆಟ್ ಏರ್‌ವೇಸ್ ಪೂರ್ತಿ ನಿಂತಿತು. ಮಂಗಳೂರಿನಿಂದ ಮುಂಬೈಗೆ, ಬೆಂಗಳೂರಿಗೆ ಹಾರುತ್ತಿದ್ದ ಹಳೆಯ ಕಂಪನಿ ಅದು. ಕೌಂಟರ್‌ನಲ್ಲಿದ್ದ ಹುಡುಗರು ನಮ್ಮ ಜೊತೆ ಚಹಾ ಕುಡಿಯುತ್ತಿದ್ದವರು. ಒಂದು ದಿನ ಬೋರ್ಡ್‌ನಿಂದ ಹೆಸರೇ ಹೋಯಿತು. ಈಗಲೂ ನೆನೆದರೆ ಬೇಸರವಾಗುತ್ತದೆ.

ಅದಕ್ಕೆ ಸ್ವಲ್ಪ ಮೊದಲು, 2018ರ ಡಿಸೆಂಬರ್ 9ರಂದು ಕಣ್ಣೂರು ವಿಮಾನ ನಿಲ್ದಾಣ ತೆರೆಯಿತು. ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರೇ ಹತ್ತಿರ. ಆದರೆ ಹೊಸದುರ್ಗ, ಪಯ್ಯನ್ನೂರು ಕಡೆಯಿಂದ ಗಲ್ಫಿಗೆ ಹೋಗುವವರಿಗೆ ಇನ್ನೊಂದು ದಾರಿ ಸಿಕ್ಕಿತು.

ಪ್ರಶ್ನೆ (ಮೂಡಬಿದ್ರೆ): ಹಾಗಾದರೆ 22 ಲಕ್ಷ ಅಂದರೆ 22 ಲಕ್ಷ ಜನ ಅಲ್ವಾ?

ಉತ್ತರ: ಅಲ್ಲ. ಹತ್ತಿದ್ದು ಒಂದು, ಇಳಿದದ್ದು ಒಂದು. ನೀವು ಬೆಂಗಳೂರಿಗೆ ಹೋಗಿ ವಾಪಸ್ ಬಂದರೆ ನಮ್ಮ ಪುಸ್ತಕದಲ್ಲಿ ಎರಡು. ವಾರವಾರ ಓಡಾಡುವ ಐಟಿ ಹುಡುಗ ವರ್ಷಕ್ಕೆ ನೂರು ಪ್ರಯಾಣಿಕ!

ಪ್ರಶ್ನೆ (ಪುತ್ತೂರು): ನನ್ನ ಅಪ್ಪ ಗಲ್ಫಿಗೆ ಹೋಗುವಾಗ ಬಸ್ಸಿನಲ್ಲಿ ಮುಂಬೈಗೆ ಹೋಗಿ ವಿಮಾನ ಹತ್ತುತ್ತಿದ್ದರು. ನೇರ ವಿಮಾನ ಯಾವಾಗ ಬಂತು?

ಉತ್ತರ: 2006ರಲ್ಲಿ. ಬಜ್ಪೆಗೆ ಮೊದಲ ವಿಮಾನ ಬಂದದ್ದು 1951ರ ಡಿಸೆಂಬರ್ 25ರಂದು. ನೆಹರೂ ಅವರೇ ಡಕೋಟಾದಲ್ಲಿ ಬಂದಿಳಿದರು. ಆಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಹಳೆಯ ರನ್‌ವೇಯಲ್ಲೇ ಕಾಲ ಹೋಯಿತು. ಅದರ ಉದ್ದ 1,615 ಮೀಟರ್. ಪೂರ್ತಿ ಇಂಧನ ತುಂಬಿಕೊಂಡು, ವಿಮಾನದ ತುಂಬ ಜನ ಕೂರಿಸಿಕೊಂಡು ದುಬೈಗೆ ಹಾರಲು ಅಲ್ಲಿ ಆಗುತ್ತಿರಲಿಲ್ಲ. 2006ರ ಮೇ ತಿಂಗಳಲ್ಲಿ 2,450 ಮೀಟರಿನ ಹೊಸ ರನ್‌ವೇ ಶುರುವಾಯಿತು, ಅದೇ ವರ್ಷ ದುಬೈ ವಿಮಾನವೂ ಬಂತು. ನಿಮ್ಮ ಅಪ್ಪನಂಥವರು ಅಷ್ಟು ವರ್ಷ ನಮ್ಮ ಊರಿನ ಪ್ರಯಾಣಿಕರೇ ಆಗಿದ್ದರು. ಆದರೆ ಮುಂಬೈಯ ಲೆಕ್ಕಕ್ಕೆ ಸೇರುತ್ತಿದ್ದರು. ಇದನ್ನು ನಾನು ಹೊಸ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ನಿಲ್ದಾಣದ ಅಂಕಿ ನೋಡಿ ಊರಿನ ಅಗತ್ಯ ಅಳೆಯಬೇಡಿ.

ಪ್ರಶ್ನೆ (ಬೆಳಗಾವಿ): ನಮ್ಮಲ್ಲಿ 2018ರಲ್ಲಿ ಇದ್ದಕ್ಕಿದ್ದಂತೆ ವಿಮಾನಗಳು ಹುಬ್ಬಳ್ಳಿಗೆ ಹೋದವು. ಹೊಸ ಟರ್ಮಿನಲ್ ಕಟ್ಟಿ ವರ್ಷವೂ ಆಗಿರಲಿಲ್ಲ. ನಾವೇನು ತಪ್ಪು ಮಾಡಿದ್ದೆವು?

ಉತ್ತರ: ಏನೂ ತಪ್ಪು ಮಾಡಿರಲಿಲ್ಲ ಸರ್. ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಹುಬ್ಬಳ್ಳಿಗೆ ಸಿಕ್ಕಿತು, ಬೆಳಗಾವಿಗೆ ಆಗ ಇರಲಿಲ್ಲ. ಉಡಾನ್‌ನಲ್ಲಿ ಕೆಲವು ಸೀಟುಗಳಿಗೆ ಕಡಿಮೆ ದರ ಇಡಬೇಕು, ಅದಕ್ಕೆ ಬದಲಾಗಿ ಕಂಪನಿಗೆ ಮೂರು ವರ್ಷ ನೆರವು ಸಿಗುತ್ತದೆ. ಕೈಯಲ್ಲಿರುವ ವಿಮಾನ ಇಷ್ಟೇ ಎಂದಾಗ ಕಂಪನಿ ನೆರವು ಇರುವ ಕಡೆ ಹೋಗುತ್ತದೆ. 2019ರಲ್ಲಿ ಮೂರನೇ ಸುತ್ತಿನಲ್ಲಿ ನಿಮಗೂ ಸಿಕ್ಕಿತು, ಮತ್ತೆ ವಿಮಾನಗಳು ಬಂದವು. ನೆರವಿನ ಅವಧಿ ಮುಗಿದ ಮೇಲೂ ಉಳಿಯುವ ದಾರಿ ಯಾವುದು ಎನ್ನುವುದೇ ನಿಜವಾದ ಪರೀಕ್ಷೆ.

ಪ್ರಶ್ನೆ (ಉಡುಪಿ): ಅಣ್ಣ, ನಮ್ಮ ಮನೆಯಲ್ಲಿ ಮಲ್ಲಿಗೆ ಕಟ್ಟುತ್ತೇವೆ. ನಮ್ಮ ಹೂವು ಕೊಳ್ಳುವವರು ಕೆಲವೊಮ್ಮೆ "ವಿಮಾನದಲ್ಲಿ ಜಾಗ ಇಲ್ಲ" ಅನ್ನುತ್ತಾರೆ. ಪ್ರಯಾಣಿಕರು ಜಾಸ್ತಿಯಾದರೆ ಸರಕೂ ಜಾಸ್ತಿ ಹೋಗಬೇಕಲ್ವಾ?

ಉತ್ತರ: ಅಕ್ಕ, ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ.

ಬಜ್ಪೆಯಂಥ ನಿಲ್ದಾಣದಲ್ಲಿ ಸರಕು ಹೋಗುವುದು ಪ್ರಯಾಣಿಕರ ಕಾಲ ಕೆಳಗೆ, ವಿಮಾನದ ಹೊಟ್ಟೆಯಲ್ಲಿ. ಅಲ್ಲಿಗೆ ಮೊದಲು ಹೋಗಬೇಕಾದದ್ದು ಪ್ರಯಾಣಿಕರ ಬ್ಯಾಗು. ಉಳಿದ ತೂಕಕ್ಕೆ ಸರಕು. ಗಲ್ಫ್ ಪ್ರಯಾಣಿಕರು 30 ಕೆಜಿಯ ಲೆಕ್ಕದಲ್ಲಿ ಪೆಟ್ಟಿಗೆ ಕಟ್ಟಿಸುತ್ತಾರೆ. ಅದರಲ್ಲಿ ಉಪ್ಪಿನಕಾಯಿ, ಕುಚ್ಚಲಕ್ಕಿ, ಹಪ್ಪಳ ಎಲ್ಲಾ ಇರುತ್ತದೆ. ವಿಮಾನ ಪೂರ್ತಿ ತುಂಬಿದ ದಿನ ಸರಕಿಗೆ ಉಳಿಯುವುದು ತೀರಾ ಕಡಿಮೆ. ಮೇಲೆ ಬೇಸಿಗೆಯ ಸೆಖೆ ಇದ್ದರೆ ಗಾಳಿ ತೆಳುವಾಗಿ ವಿಮಾನ ಏಳಲು ಕಷ್ಟ, ತೂಕ ಇನ್ನೂ ಕಡಿಮೆ ಮಾಡಬೇಕು. ಹಾಗಾಗಿ ವಿಮಾನಗಳ ಸಂಖ್ಯೆ ಹೆಚ್ಚಾಗದೆ ಸೀಟು ಮಾತ್ರ ತುಂಬುತ್ತಾ ಹೋದರೆ ಸರಕು ಇಳಿಯುತ್ತದೆ. ಪತ್ರಿಕೆಯಲ್ಲಿ "ಪ್ರಯಾಣಿಕರು ಏರಿದರು, ಸರಕು ಇಳಿಯಿತು" ಎಂದು ಓದಿದರೆ ಗಾಬರಿಯಾಗಬೇಡಿ. ಹೆಚ್ಚಿನ ಸಲ ಕಾರಣ ಇದೇ.

ಒಂದು ದಿನದ ಮಾತು ಹೇಳುತ್ತೇನೆ. ಶಂಕರಪುರ ಕಡೆಯ ಮಲ್ಲಿಗೆ, ಆರು ಪೆಟ್ಟಿಗೆ. ಬಾಳೆ ನಾರಿನಲ್ಲಿ ಕಟ್ಟಿದ ಚೆಂಡುಗಳು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಇದು ನಿಮಗೆ ಗೊತ್ತಿರುವುದೇ. ಬೆಳಗ್ಗೆ ಕೊಯ್ದ ಮೊಗ್ಗು ಇನ್ನೂ ಅರಳಿರಲಿಲ್ಲ. ಬಾಗಿಲು ಮುಚ್ಚಲು ಇಪ್ಪತ್ತು ನಿಮಿಷ ಇರುವಾಗ ಕೊನೆಯ ಕೆಲವು ಪ್ರಯಾಣಿಕರು ಬ್ಯಾಗುಗಳೊಂದಿಗೆ ಬಂದರು. ತೂಕ ಮಿತಿ ದಾಟಿತು. ಪೆಟ್ಟಿಗೆ ಇಳಿಸಿ ಎಂದು ಸಹಿ ಹಾಕಿದವನು ನಾನೇ. ಲೋಡರ್ ಹುಡುಗ ಒಂದೊಂದೇ ಪೆಟ್ಟಿಗೆ ಇಳಿಸಿ ಟ್ರಾಲಿಯ ಮೇಲೆ ಇಟ್ಟ. ವಿಮಾನ ಹೋಯಿತು, ರ್‍ಯಾಂಪ್ ತುಂಬ ಮಲ್ಲಿಗೆ ಘಮ. ಮರುದಿನ ಅದಕ್ಕೆ ಬೆಲೆ ಇಲ್ಲ. ಆ ತಿಂಗಳ ಸರಕಿನ ಲೆಕ್ಕದಲ್ಲಿ ಆ ಪೆಟ್ಟಿಗೆಗಳು ಇಲ್ಲವೇ ಇಲ್ಲ, ಏಕೆಂದರೆ ಹಾರಿದ್ದಕ್ಕೆ ಮಾತ್ರ ಲೆಕ್ಕ.

ಅದೇ ಓದುಗರು (ಉಡುಪಿ): ಕೇಳಿ ಹೊಟ್ಟೆ ಉರಿಯಿತು ಅಣ್ಣ. ಹಾಗಾದರೆ ನಾವು ಏನು ಮಾಡಬಹುದು?

ಉತ್ತರ: ನಿಮ್ಮ ಏಜೆಂಟ್ ಹತ್ತಿರ ಯಾವ ವಿಮಾನಕ್ಕೆ ಕಳಿಸುತ್ತಾರೆ ಎಂದು ಕೇಳಿ. ಎಟಿಆರ್ ಆದರೆ ಹೊಟ್ಟೆ ಚಿಕ್ಕದು. ಮುಂಬೈಗೆ ದೊಡ್ಡ ವಿಮಾನ, ಅದರಲ್ಲೂ ವಾರದ ನಡುವಿನ ದಿನ, ಜಾಗ ಸಿಗುವ ಸಾಧ್ಯತೆ ಹೆಚ್ಚು. ಹಬ್ಬದ ಹಿಂದಿನ ದಿನ ಹೂವಿಗೂ ಬೇಡಿಕೆ, ಸೀಟಿಗೂ ಬೇಡಿಕೆ. ಆಗ ಮೊದಲೇ ಬುಕ್ ಮಾಡಿಸಬೇಕು. ಜಾಗ ಸಿಗದಿದ್ದರೆ ಸಂಜೆಯ ಯಾವ ವಿಮಾನಕ್ಕೆ ಹಾಕುತ್ತೀರಿ ಎಂದೂ ಕೇಳಿಟ್ಟುಕೊಳ್ಳಿ.

ಪ್ರಶ್ನೆ (ಕುಂದಾಪುರ): ದೊಡ್ಡ ವಿಮಾನ, ಬೋಯಿಂಗ್ 777 ತರಹದ್ದು, ಇಲ್ಲಿ ಏಕೆ ಬರುವುದಿಲ್ಲ? ಬಂದರೆ ಸರಕಿನ ಕಷ್ಟವೂ ತೀರುತ್ತದಲ್ಲ?

ಉತ್ತರ: ತೀರುತ್ತದೆ, ನಿಜ. ಆದರೆ ನಮ್ಮದು ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್ ರನ್‌ವೇ. ಎರಡೂ ತುದಿಯಲ್ಲಿ ಇಳಿಜಾರು. 2010ರ ಮೇ 22ರಂದು ವಿಮಾನ ಅಪಘಾತದಲ್ಲಿ 158 ಜನರನ್ನು ಕಳೆದುಕೊಂಡ ನಿಲ್ದಾಣ ಇದು. ಆ ಬೆಳಗ್ಗೆ ಕೆಲಸದಲ್ಲಿದ್ದವರು ಯಾರೂ ಅದನ್ನು ಮರೆತಿಲ್ಲ. ರನ್‌ವೇ ಉದ್ದ ಮಾಡಬೇಕು ಎಂಬ ಬೇಡಿಕೆ ಹಳೆಯದು, ನನಗೂ ಅದೇ ಆಸೆ. ಅದು ಆಗುವವರೆಗೆ ತೂಕದ ವಿಷಯದಲ್ಲಿ ಒಂದು ಕೆಜಿಯೂ ರಿಯಾಯಿತಿ ಬೇಡ ಮಾರಾಯ್ರೆ.

ಪ್ರಶ್ನೆ (ಸುರತ್ಕಲ್): ಕೊನೆಯದು ಸರ್. ಮುಂದಿನ ವರ್ಷ ಏರುತ್ತದಾ ಇಳಿಯುತ್ತದಾ ಅಂತ ಮೊದಲೇ ತಿಳಿಯುವುದು ಹೇಗೆ?

ಉತ್ತರ: ವೇಳಾಪಟ್ಟಿ ನೋಡಿ. ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಮಾರ್ಚ್ ಕೊನೆಯ ಭಾನುವಾರ ಮತ್ತು ಅಕ್ಟೋಬರ್ ಕೊನೆಯ ಭಾನುವಾರ. ಯಾವ ಊರಿಗೆ ವಾರಕ್ಕೆ ಎಷ್ಟು ವಿಮಾನ, ಎಟಿಆರ್ ಇದ್ದ ಕಡೆ ಏರ್‌ಬಸ್ ಬಂತಾ, ಇದ್ದದ್ದು ಹೋಯಿತಾ ಎಂದು ಬರೆದಿಟ್ಟುಕೊಳ್ಳಿ. ಮಳೆಗಾಲದ ಅಂಕಿಯನ್ನು ಹಿಂದಿನ ತಿಂಗಳ ಜೊತೆ ಹೋಲಿಸಬೇಡಿ, ಹಿಂದಿನ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಮೋಡ ಕವಿದು ವಿಮಾನ ಬೆಂಗಳೂರಿಗೋ ಕೊಚ್ಚಿಗೋ ತಿರುಗಿದರೆ ಆ ಜನ ಅಲ್ಲೇ ಇಳಿದು ಬಸ್ಸಿನಲ್ಲಿ ಬರುವುದೂ ಉಂಟು. ಶಿರಾಡಿ ಘಾಟಿ ಕುಸಿದರೆ ಉಲ್ಟಾ, ಬೆಂಗಳೂರು ವಿಮಾನಕ್ಕೆ ಸೀಟೇ ಸಿಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಘಾಟಿಯ ರಸ್ತೆ, ರೈಲು ಎರಡೂ ನಿಂತಿದ್ದವು. ಆ 22 ಲಕ್ಷದಲ್ಲಿ ಆ ದಿನಗಳೂ ಸೇರಿವೆ. ಹಾಗಾಗಿ ಮರುವರ್ಷದ ಜೊತೆ ಹೋಲಿಸುವಾಗ ಅದನ್ನೂ ನೆನಪಿಡಿ.

ನನ್ನ ಶಿಫ್ಟ್ ಸಮಯವಾಯಿತು. ಉಳಿದ ಪ್ರಶ್ನೆಗಳನ್ನು ಇಲ್ಲೇ ಬರೆದಿಡಿ, ನಾಳೆ ಮಧ್ಯಾಹ್ನ ಬಂದು ನೋಡುತ್ತೇನೆ.