ಮೆಟ್ಟಿಲಿನ ದೀಪ ಒಮ್ಮೆ ಹೊತ್ತುತ್ತದೆ, ಒಮ್ಮೆ ಇಲ್ಲ: ಪರೀಕ್ಷೆಗೆ ಹದಿನೈದೇ ದಿನ

ಪ್ರಶ್ನೆ, ಹೊಸನಗರ ತಾಲ್ಲೂಕಿನ ವಿದ್ಯಾರ್ಥಿನಿ:
ನಮಸ್ಕಾರ ಸರ್. ಐಟಿಐ ಎಲೆಕ್ಟ್ರಿಷಿಯನ್ ಎರಡನೇ ವರ್ಷದಲ್ಲಿದ್ದೇನೆ. ಪ್ರಾಯೋಗಿಕ ಪರೀಕ್ಷೆಗೆ ಹದಿನೈದು ದಿನ ಉಳಿದಿದೆ. ಮನೆಯಲ್ಲಿ ಹಲಗೆಯೊಂದರ ಮೇಲೆ ಸ್ಟೇರ್‌ಕೇಸ್ ವೈರಿಂಗ್ (ಮೆಟ್ಟಿಲಿನ ಒಂದೇ ದೀಪಕ್ಕೆ ಕೆಳಗೊಂದು, ಮೇಲೊಂದು ಸ್ವಿಚ್) ಕಟ್ಟಿ ಅಭ್ಯಾಸ ಮಾಡುತ್ತಿದ್ದೇನೆ. ಕೆಳಗಿನ ಸ್ವಿಚ್ ಒಂದು ಕಡೆಗಿದ್ದಾಗ ಮೇಲಿನ ಸ್ವಿಚ್ ಸರಿಯಾಗಿ ಕೆಲಸ ಮಾಡುತ್ತದೆ. ಕೆಳಗಿನದನ್ನು ಇನ್ನೊಂದು ಕಡೆಗೆ ಹಾಕಿದರೆ ಮೇಲೆ ಎಷ್ಟು ಸಲ ಒತ್ತಿದರೂ ದೀಪ ಹೊತ್ತುವುದಿಲ್ಲ. ಮೂರು ಸಲ ಬಿಚ್ಚಿ ಕಟ್ಟಿದೆ, ಹಾಗೆಯೇ ಆಗುತ್ತಿದೆ. ಜೊತೆಗೆ ಇನ್ನೊಂದು ಪ್ರಶ್ನೆ: ಪರೀಕ್ಷಕರು ಮುಖ್ಯವಾಗಿ ಏನನ್ನು ನೋಡುತ್ತಾರೆ?

ಉತ್ತರ, ತೀರ್ಥಹಳ್ಳಿಯ ವೈರಿಂಗ್ ಗುತ್ತಿಗೆದಾರರು:
ನೋಡಮ್ಮ, ಮೂರು ಸಲ ಬಿಚ್ಚಿ ಕಟ್ಟಿದೆ ಎಂದೆಯಲ್ಲ, ಮೂರೂ ಸಲ ಅದೇ ತಪ್ಪನ್ನೇ ಅಚ್ಚುಕಟ್ಟಾಗಿ ಕಟ್ಟಿರಬೇಕು. ಬಿಚ್ಚುವ ಮೊದಲು ಲೆಕ್ಕ ಹಾಕು. ಎರಡು ಟೂ-ವೇ ಸ್ವಿಚ್ಚುಗಳಿಗೆ ಒಟ್ಟು ನಾಲ್ಕು ಸ್ಥಿತಿಗಳು. ಸರಿಯಾದ ವೈರಿಂಗ್‌ನಲ್ಲಿ ದೀಪ ಎರಡರಲ್ಲಿ ಹೊತ್ತಬೇಕು, ಎರಡರಲ್ಲಿ ಆರಬೇಕು. ನಿನ್ನದು ಒಂದರಲ್ಲಿ ಮಾತ್ರ ಹೊತ್ತುತ್ತಿದೆ. ಇದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಯಾವುದಾದರೂ ಒಂದು ಸ್ವಿಚ್ಚಿನಲ್ಲಿ ಕಾಮನ್‌ಗೆ, ಅಂದರೆ ಸ್ವಿಚ್ ಯಾವ ಕಡೆಗಿದ್ದರೂ ಸಂಪರ್ಕದಲ್ಲಿರುವ ಟರ್ಮಿನಲ್‌ಗೆ, ಹೋಗಬೇಕಾದ ವೈರ್ ಪಕ್ಕದ ಟರ್ಮಿನಲ್‌ಗೆ ಹೋಗಿದೆ. ಇಲ್ಲವೇ ಎರಡು ಸ್ವಿಚ್ಚುಗಳ ನಡುವೆ ಓಡುವ ಎರಡು ವೈರುಗಳಲ್ಲಿ ಒಂದು ಸ್ಕ್ರೂ ಕೆಳಗೆ ಸರಿಯಾಗಿ ಕೂತಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಆದ್ದರಿಂದ ಊಹೆ ಮಾಡಬೇಡ.

ಸಪ್ಲೈ ತೆಗೆದು, ಸ್ವಿಚ್ಚಿನಿಂದ ಮೂರೂ ವೈರುಗಳನ್ನು ಬಿಡಿಸಿ, ಮಲ್ಟಿಮೀಟರನ್ನು ಕಂಟಿನ್ಯುಟಿಗೆ (ಎರಡು ತುದಿಗಳು ಒಳಗೆ ಕೂಡಿದ್ದರೆ ಬೀಪ್ ಎನ್ನುವ ಸ್ಥಾನ) ಇಟ್ಟು ಹಚ್ಚು. ಮೂರು ಟರ್ಮಿನಲ್‌ಗಳಲ್ಲಿ ಯಾವ ಎರಡರ ನಡುವೆ ಬೀಪ್ ಬರುತ್ತದೆ ನೋಡು. ಸ್ವಿಚ್ ತಿರುಗಿಸಿ ಮತ್ತೆ ನೋಡು. ಎರಡೂ ಸಲದ ಜೋಡಿಯಲ್ಲಿ ಇದ್ದ ಟರ್ಮಿನಲ್ಲೇ ಕಾಮನ್. ಹೆಚ್ಚಿನ ಸ್ವಿಚ್ಚುಗಳಲ್ಲಿ ಅದು ಮಧ್ಯದಲ್ಲಿರುತ್ತದೆ ನಿಜ, ಆದರೆ ಪರೀಕ್ಷೆಯ ಹಾಲ್‌ನಲ್ಲಿ ಯಾವ ಕಂಪನಿಯ ಸ್ವಿಚ್ ಕೈಗೆ ಸಿಗುತ್ತದೋ ಹೇಳಲಾಗದು. ಫೇಸ್ ಒಂದು ಸ್ವಿಚ್ಚಿನ ಕಾಮನ್‌ಗೆ, ದೀಪಕ್ಕೆ ಹೋಗುವ ವೈರ್ ಇನ್ನೊಂದರ ಕಾಮನ್‌ಗೆ. ಉಳಿದ ನಾಲ್ಕು ಟರ್ಮಿನಲ್‌ಗಳ ಮಧ್ಯೆ ಎರಡು ವೈರ್. ಅಷ್ಟೇ ಕಥೆ. ನ್ಯೂಟ್ರಲ್ ಸ್ವಿಚ್ಚಿನ ಹತ್ತಿರವೂ ಸುಳಿಯದೆ ನೇರ ಹೋಲ್ಡರಿಗೆ ಹೋಗಬೇಕು.

ಇನ್ನು ಪರೀಕ್ಷಕರು. ಪ್ರಾಯೋಗಿಕದಲ್ಲಿ ಪಾಸಾಗಲು ಶೇ. 60 ಅಂಕ ಬೇಕು, ಥಿಯರಿಯಂತೆ ಶೇ. 33ಕ್ಕೆ ದಡ ಸೇರಲಾಗದು. ದೀಪ ಹೊತ್ತಿದ್ದಕ್ಕೆ ಮಾತ್ರ ಅಂಕ ಎಂದುಕೊಂಡವರು ಇಲ್ಲಿಯೇ ಎಡವುವುದು. ಸುರಕ್ಷತೆ, ಉಪಕರಣ ಹಿಡಿಯುವ ರೀತಿ, ಸಾಮಾನು ಹಾಳು ಮಾಡದಿರುವುದು, ಕೆಲಸದ ಅಂದ, ವೇಗ, ವೈವಾ ಎಂಬ ಮೌಖಿಕ ಪ್ರಶ್ನೆ ಎಲ್ಲಕ್ಕೂ ಪಾಲಿದೆ. ಅವರು ನಿನ್ನ ದೀಪಕ್ಕಿಂತ ನಿನ್ನ ಕೈಯನ್ನು ನೋಡುತ್ತಾರೆ.

ಕೈ ಎಂದರೆ ಏನು ಎಂದು ಹೇಳುತ್ತೇನೆ. 1.5 ಚದರ ಮಿಲಿಮೀಟರ್ ವೈರಿನ ತುದಿ ಬಿಡಿಸುವಾಗ ಒಳಗೆ ಕೂದಲಿನಂಥ ಎಳೆಗಳಿರುತ್ತವೆ, ಸಾಮಾನ್ಯವಾಗಿ 22. ಬ್ಲೇಡನ್ನು ಸುತ್ತ ಒತ್ತಿ ತಿರುಗಿಸಿದರೆ ನಾಲ್ಕೈದು ಎಳೆ ತುಂಡಾಗಿ ಬೀಳುತ್ತವೆ. ಮೇಜಿನ ಮೇಲೆ ಬಿದ್ದ ಆ ತಾಮ್ರದ ಚೂರುಗಳೇ ನಿನ್ನ ಮೇಲೆ ಚಾಡಿ ಹೇಳುತ್ತವೆ. ಪೆನ್ಸಿಲ್ ಹೆರೆದಂತೆ ಬ್ಲೇಡನ್ನು ಓರೆಯಾಗಿ ಹಿಡಿದು ಸಿಪ್ಪೆ ಮಾತ್ರ ತೆಗೆ. ಎಳೆಗಳನ್ನು ಹುರಿ ಮಾಡಿ, ಸ್ಕ್ರೂ ಬಿಗಿಯಾಗುವ ದಿಕ್ಕಿಗೇ ಸುತ್ತಿ ಕೂರಿಸು. ಎದುರು ದಿಕ್ಕಿಗೆ ಸುತ್ತಿದರೆ ಬಿಗಿಮಾಡಿದಷ್ಟೂ ಎಳೆಗಳು ಹೊರಗೆ ಚಿಮ್ಮುತ್ತವೆ. ಕೊನೆಗೆ ವೈರನ್ನು ಮೆಲ್ಲಗೆ ಎಳೆದು ನೋಡು. ಇದಕ್ಕೆಲ್ಲ ಮೊದಲು ಬಿಳಿ ಹಾಳೆಯ ಮೇಲೆ ಸರ್ಕೀಟ್ ಬರೆದುಕೊ.

ಪ್ರತಿಕ್ರಿಯೆ, ಸಾಗರದ ವೈರ್‌ಮನ್:
ಹುಡುಗಿಯನ್ನು ಹೆದರಿಸಬೇಡಿ ಸರ್. ಹತ್ತು ವರ್ಷದಿಂದ ಮನೆಗಳಿಗೆ ವೈರಿಂಗ್ ಮಾಡುತ್ತಿದ್ದೇನೆ. ದೀಪ ಹೊತ್ತಿದರೆ ಕೆಲಸ ಆಯಿತು. ವೈರಿನ ಹೊದಿಕೆಯಲ್ಲಿ ಸೋರಿಕೆ ಇದೆಯೇ ಎಂದು ಅಳೆಯುವ ಮೆಗ್ಗರ್, ಕಂಟಿನ್ಯುಟಿ ಎಲ್ಲ ಪುಸ್ತಕದ ಮಾತು.

ಉತ್ತರ:
ದೀಪ ಹೊತ್ತುವುದು ದೊಡ್ಡ ವಿಷಯವಲ್ಲ. ನ್ಯೂಟ್ರಲ್‌ಗೆ ಸ್ವಿಚ್ ಹಾಕಿದರೂ ದೀಪ ಹೊತ್ತುತ್ತದೆ, ಆರುತ್ತದೆ. ಆದರೆ ಆರಿದಾಗಲೂ ಹೋಲ್ಡರಿನಲ್ಲಿ ಫೇಸ್ ಇರುತ್ತದೆ. ಬಲ್ಬ್ ಬದಲಿಸಲು ಸ್ಟೂಲ್ ಹತ್ತಿದವರು ಅದನ್ನು ಪುಸ್ತಕದ ಮಾತು ಎನ್ನಲಾರರು.

ಮೆಗ್ಗರ್ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ಮಳೆ ಹೊಡೆಯುವ ಪಡುವಣ ಗೋಡೆಗೆ ಅಡಿಕೆ ಸೋಗೆ ಕಟ್ಟುವುದು ನಿಮಗೂ ಗೊತ್ತು. ಅಂಥ ಒಂದು ಮನೆಯಲ್ಲಿ ಆ ವರ್ಷ ಸೋಗೆ ಕಟ್ಟಿರಲಿಲ್ಲ. ಜುಲೈ ತಿಂಗಳು, ಬಚ್ಚಲಿನ ಬೋರ್ಡ್ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂದು ಕರೆದರು. ಎಲ್ಲ ದೀಪಗಳೂ ಚೆನ್ನಾಗಿ ಹೊತ್ತುತ್ತಿದ್ದವು. 500 ವೋಲ್ಟಿನ ಮೆಗ್ಗರ್ ಹಚ್ಚಿದೆ. ಕನಿಷ್ಠ 1 ಮೆಗಾಓಮ್ ಬರಬೇಕಾದಲ್ಲಿ ಮುಳ್ಳು ಸೊನ್ನೆಯ ಹತ್ತಿರವೇ ಕೂತಿತು. ಬೋರ್ಡ್ ಬಿಚ್ಚಿದರೆ ಬಾಕ್ಸಿನ ತಳದಲ್ಲಿ ಅರ್ಧ ಲೋಟ ನೀರು, ಅದರಲ್ಲಿ ಸತ್ತ ಇರುವೆಗಳು. ವೈರ್ ಎಳೆದ ಪೈಪಿನೊಳಗಿಂದ ಇಳಿದ ನೀರು. ಮೆಗ್ಗರ್ ಇಲ್ಲದಿದ್ದರೆ ಇಡೀ ಮನೆ ಅಗೆಯುತ್ತಿದ್ದೆ.

ತಂಗಿ, ಈ ಮೆಗ್ಗರ್ ಪರೀಕ್ಷೆಯ ಕ್ರಮ ನೆನಪಿಟ್ಟುಕೊ. ಸಪ್ಲೈ ಬಂದ್, ಬಲ್ಬ್ ಹೊರಗೆ, ಸ್ವಿಚ್ಚುಗಳು ಆನ್. ಫೇಸ್ ಮತ್ತು ನ್ಯೂಟ್ರಲ್ ನಡುವೆ ಒಮ್ಮೆ. ಆಮೇಲೆ ಎರಡನ್ನೂ ಸೇರಿಸಿ ಅರ್ತ್ ಜೊತೆ ಒಮ್ಮೆ. ನಿನ್ನ ಮೆಟ್ಟಿಲಿನ ಸರ್ಕೀಟ್ ಆದರೆ ಎರಡೂ ಸ್ವಿಚ್ಚುಗಳನ್ನು ತಿರುಗಿಸುತ್ತಾ ನಾಲ್ಕೂ ಸ್ಥಿತಿಗಳಲ್ಲಿ ಅಳೆ, ಇಲ್ಲವಾದರೆ ನಡುವಿನ ಒಂದು ವೈರ್ ಪರೀಕ್ಷೆಗೇ ಸಿಗುವುದಿಲ್ಲ. ಎಲ್‌ಇಡಿ, ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಮೊದಲೇ ತೆಗೆದಿಡು. ಅಭ್ಯಾಸದ ಹಲಗೆ ಮಳೆಗಾಲದಲ್ಲಿ ತೇವ ಹೀರಿ ಕಡಿಮೆ ತೋರಿಸಿದರೆ ಗಾಬರಿಯಾಗಬೇಡ, ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಇಟ್ಟು ಮತ್ತೆ ಅಳೆ.

ಪ್ರಶ್ನೆ, ಅದೇ ವಿದ್ಯಾರ್ಥಿನಿ:
ವೈವಾದಲ್ಲಿ ಡಿಒಎಲ್ ಸ್ಟಾರ್ಟರ್ (ಮೋಟಾರನ್ನು ನೇರವಾಗಿ ಲೈನಿಗೆ ಜೋಡಿಸಿ ಶುರು ಮಾಡುವ ಪೆಟ್ಟಿಗೆ) ಕೇಳಿದರೆ ಬಾಯಿ ಕಟ್ಟಿಹೋಗುತ್ತದೆ ಸರ್. ಆಮೇಲೆ, ಟೆಸ್ಟರ್ ಹೊತ್ತದಿದ್ದರೆ ಲೈನ್ ಸತ್ತಿದೆ ಎನ್ನಬಹುದೇ?

ಉತ್ತರ:
ಎನ್ನಬಾರದು. ಟೆಸ್ಟರಿನೊಳಗಿನ ನಿಯಾನ್ ಕೆಟ್ಟಿದ್ದರೂ ಹೊತ್ತುವುದಿಲ್ಲ. ಮೊದಲು ಸಪ್ಲೈ ಇರುವುದು ಖಚಿತವಾದ ಕಡೆ ಹಚ್ಚಿ ನೋಡು, ಆಮೇಲೆ ಕೆಲಸದ ಜಾಗದಲ್ಲಿ, ಮತ್ತೆ ಮೊದಲಿನ ಜಾಗದಲ್ಲಿ. ಈ ಮೂರು ಹೆಜ್ಜೆ ಹೇಳಿದರೆ ಪರೀಕ್ಷಕರು ತಲೆಯಾಡಿಸುತ್ತಾರೆ.

ಸ್ಟಾರ್ಟರ್‌ಗೆ ಯಾಕೆ ಹೆದರುತ್ತೀಯೆ? ತೋಟದ ಪಂಪ್‌ಸೆಟ್ ಮನೆಯಲ್ಲೋ ಪಕ್ಕದವರಲ್ಲೋ ಇದ್ದೇ ಇರುತ್ತದೆ. ಹಸಿರು ಬಟನ್ ಒತ್ತಿ ಕೈ ಬಿಟ್ಟರೂ ಮೋಟಾರ್ ಯಾಕೆ ಓಡುತ್ತಲೇ ಇರುತ್ತದೆ ಎಂದು ಯೋಚಿಸು. ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಎಂದರೆ ಕಾಯಿಲ್ ಎಂಬ ವಿದ್ಯುತ್ ಅಯಸ್ಕಾಂತ ಎಳೆದು ಹಾಕುವ ಸ್ವಿಚ್. ಕಾಯಿಲ್ ಎಳೆದುಕೊಂಡ ಕೂಡಲೇ ಕಾಂಟ್ಯಾಕ್ಟರಿನದೇ ಒಂದು ಸಣ್ಣ ಕಾಂಟ್ಯಾಕ್ಟ್, ಹಸಿರು ಬಟನ್‌ಗೆ ಪ್ಯಾರಲಲ್ ಆಗಿ, ದಾರಿ ಮಾಡಿಕೊಡುತ್ತದೆ. ಅದರ ವೈರ್ ಬಿಟ್ಟಿದ್ದರೆ ಬಟನ್ ಒತ್ತಿಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ. ಕೆಂಪು ಬಟನ್ ಮತ್ತು, ಹೆಚ್ಚು ಕರೆಂಟ್ ಹರಿದರೆ ಬಿಟ್ಟುಕೊಳ್ಳುವ ಓವರ್‌ಲೋಡ್ ರಿಲೇಯ ಕಾಂಟ್ಯಾಕ್ಟ್ ಎರಡೂ ಕಾಯಿಲ್ ಜೊತೆ ಸೀರೀಸ್‌ನಲ್ಲಿ, ಯಾವುದು ಬಿಟ್ಟುಕೊಂಡರೂ ಮೋಟಾರ್ ನಿಲ್ಲುತ್ತದೆ. ರಿಲೇಯನ್ನು ಮೋಟಾರಿನ ಫಲಕದಲ್ಲಿ ಬರೆದ ಆಂಪಿಯರಿಗೆ ಹೊಂದಿಸಬೇಕು. 5 ಎಚ್‌ಪಿ ತ್ರೀ ಫೇಸ್‌ಗೆ ಸುಮಾರು 7.5 ಆಂಪಿಯರ್. ಪಂಪ್ ಉಲ್ಟಾ ತಿರುಗಿದರೆ ಯಾವುದಾದರೂ ಎರಡು ಫೇಸ್ ಅದಲುಬದಲು. ಪಂಪ್‌ಸೆಟ್ ನೋಡು ಎಂದೆ, ಮುಚ್ಚಳ ಬಿಚ್ಚು ಎನ್ನಲಿಲ್ಲ.

ಪ್ರತಿಕ್ರಿಯೆ, ಅದೇ ವಿದ್ಯಾರ್ಥಿನಿ:
ಸರ್, ಮಲ್ಟಿಮೀಟರ್ ಹಚ್ಚಿದೆ. ಮೇಲಿನ ಸ್ವಿಚ್ಚಿನ ಕಾಮನ್ ಮಧ್ಯದಲ್ಲಿರಲಿಲ್ಲ, ತುದಿಯಲ್ಲಿತ್ತು! ಈಗ ಎರಡೂ ಕಡೆಯಿಂದ ಹೊತ್ತುತ್ತಿದೆ.

ಉತ್ತರ:
ಒಳ್ಳೆಯದಾಯಿತು. ಈಗ ಅದನ್ನು ಪೂರ್ತಿ ಬಿಚ್ಚಿಹಾಕು. ನಾಳೆ ಬೆಳಿಗ್ಗೆ ಖಾಲಿ ಹಲಗೆಯಿಂದ ಶುರು ಮಾಡು, ಈ ಸಲ ಪಕ್ಕದಲ್ಲಿ ಗಡಿಯಾರ ಇರಲಿ, ಕಾಲಲ್ಲಿ ಶೂ ಇರಲಿ.