ಕಂತು ನಿಲ್ಲಿಸಿದ ಮೇಲೂ ಜಾಂಬಿಯಾ ಯಾಕೆ ಕೈ ಎತ್ತಿತು?

ಬೈತಖೋಲ ಹುಡುಗ, ಕಾರವಾರ:
ಎಂ.ಎ. ಸೆಮಿನಾರಿಗೆ ಕೋವಿಡ್ ಕಾಲದ ಅಂತಾರಾಷ್ಟ್ರೀಯ ನೆರವಿನ ಬಗ್ಗೆ ಓದುತ್ತಿದ್ದೇನೆ. 2020ರ ಮೇ ತಿಂಗಳಿಂದ ಜಿ20 ದೇಶಗಳು ಬಡ ದೇಶಗಳ ಸಾಲದ ಕಂತು ನಿಲ್ಲಿಸಿದವು. ಆದರೆ ಅದೇ ನವೆಂಬರ್‌ನಲ್ಲಿ ಜಾಂಬಿಯಾ ಬಡ್ಡಿ ಕಟ್ಟಲಾಗದೆ ಕೈ ಎತ್ತಿತು. ಇದು ಹೇಗೆ? ಬಲ್ಲವರು ಸ್ವಲ್ಪ ಬಿಡಿಸಿ ಹೇಳಿ.

ಅಘನಾಶಿನಿ, ಕುಮಟಾ:
ನಿಲ್ಲಿಸಿದ್ದು ಸರ್ಕಾರಗಳು ಕೊಟ್ಟ ಸಾಲದ ಕಂತು ಮಾತ್ರ. ಅದೂ ಮನ್ನಾ ಅಲ್ಲ, ಮುಂದಕ್ಕೆ ಹಾಕಿದ್ದು, ಬಡ್ಡಿ ಸೇರಿಸಿ ಆಮೇಲೆ ಕಟ್ಟಲೇಬೇಕು. 73 ದೇಶಗಳಿಗೆ ಅವಕಾಶ ಇತ್ತು, 48 ಸೇರಿದವು, 2021ರ ಕೊನೆವರೆಗೆ ಹೀಗೆ ಮುಂದೆ ಹೋದದ್ದು ಸುಮಾರು 1,290 ಕೋಟಿ ಡಾಲರ್. ಬಾಂಡ್ ಕೊಂಡ ಖಾಸಗಿಯವರಿಗೆ ನೀವೂ ಬನ್ನಿ ಅಂದರು ಅಷ್ಟೆ, ಕಡ್ಡಾಯ ಮಾಡಲಿಲ್ಲ. ಜಾಂಬಿಯಾ ಅವರ ಹತ್ತಿರ ಆರು ತಿಂಗಳು ಟೈಮ್ ಕೇಳಿತು, ಒಪ್ಪಲಿಲ್ಲ, 4.25 ಕೋಟಿ ಡಾಲರ್ ಬಡ್ಡಿ ಬಾಕಿ ಬಿತ್ತು. ಒಬ್ಬರು ಬಿಟ್ಟ ದುಡ್ಡನ್ನು ಇನ್ನೊಬ್ಬರು ವಸೂಲಿ ಮಾಡಿಕೊಂಡರೆ ಆಸ್ಪತ್ರೆಗೆ ಏನು ಉಳಿಯುತ್ತದೆ ಹೇಳಿ?

ತೋಟದವ, ಶಿರಸಿ:
ಬಂದ ನೆರವೆಲ್ಲ ಸಾಲಕ್ಕೆ ಸಂಬಂಧಿಸಿದ್ದೇ ಅಂದರೆ ತಪ್ಪಾಗುತ್ತದೆ. 2021ರ ಆಗಸ್ಟ್‌ನಲ್ಲಿ ಐಎಂಎಫ್ (ಅಂತಾರಾಷ್ಟ್ರೀಯ ಹಣಕಾಸು ನಿಧಿ) 65,000 ಕೋಟಿ ಡಾಲರ್ ಬೆಲೆಯ ಎಸ್‌ಡಿಆರ್ ಹಂಚಿತು, ಅಂದರೆ ಅದು ತಾನೇ ಸೃಷ್ಟಿಸಿ ಸದಸ್ಯ ದೇಶಗಳಿಗೆ ಕೊಡುವ, ಡಾಲರಿನಂಥ ಹಣಕ್ಕೆ ಬದಲಾಯಿಸಿಕೊಳ್ಳಬಹುದಾದ ಮೀಸಲು. ಅದಕ್ಕೆ ವಾಪಸಾತಿ ಕಂತಿಲ್ಲ, ಬಳಸಿಕೊಂಡಷ್ಟಕ್ಕೆ ಬಡ್ಡಿ. ಆದರೆ ಹಂಚಿದ್ದು ಕೋಟಾ ಲೆಕ್ಕದಲ್ಲಿ, ಅಂದರೆ ಐಎಂಎಫ್‌ನಲ್ಲಿ ಆಯಾ ದೇಶದ ಪಾಲಿನ ಪ್ರಕಾರ, ದೊಡ್ಡವರಿಗೆ ದೊಡ್ಡ ಪಾಲು. ಭಾರತ ಒಂದಕ್ಕೇ ಸುಮಾರು 1,786 ಕೋಟಿ ಡಾಲರ್ ಬಂತು, ಕಡುಬಡ ದೇಶಗಳಿಗೆ ಎಲ್ಲ ಸೇರಿ 2,100 ಕೋಟಿಯಷ್ಟು. ನನಗೆ ಜಾಸ್ತಿ ಬೇಸರ ಆಗಿದ್ದು ಇದಕ್ಕೇ.

ಆಶಾ ಅಕ್ಕ, ಸಿದ್ದಾಪುರ:
ತಮ್ಮಾ, ಎಷ್ಟು ಕೊಟ್ಟರು ಅನ್ನುವುದರ ಜೊತೆ ಯಾವಾಗ ಕೊಟ್ಟರು ಅನ್ನುವುದನ್ನೂ ಬರಿ. ಇಂಥ ಹೊತ್ತಿಗೆ ಅಂತಲೇ 2017ರಲ್ಲಿ ವಿಶ್ವಬ್ಯಾಂಕ್ 32 ಕೋಟಿ ಡಾಲರಿನ ಪ್ಯಾಂಡೆಮಿಕ್ ಬಾಂಡ್ ಮಾರಿತ್ತು: ಕೊಂಡವರಿಗೆ ಬಡ್ಡಿ ಸಿಗುತ್ತದೆ, ಷರತ್ತಿನಂತೆ ಸಾಂಕ್ರಾಮಿಕ ಹಬ್ಬಿದರೆ ಅವರ ದುಡ್ಡು ಬಡ ದೇಶಗಳಿಗೆ ಹೋಗುತ್ತದೆ. ಆಮೇಲೆ ಕಾಂಗೋದಲ್ಲಿ ಎಬೋಲಾಗೆ 2,200ಕ್ಕೂ ಜಾಸ್ತಿ ಜನ ಸತ್ತರು, ಆದರೂ ಬಾಂಡಿನ ದುಡ್ಡು ಬರಲಿಲ್ಲ, ಯಾಕಂದರೆ ಇನ್ನೊಂದು ದೇಶದಲ್ಲೂ ಕನಿಷ್ಠ 20 ಜನ ಸತ್ತಿರಬೇಕು ಅಂತ ಷರತ್ತು! ಮಂಗನ ಕಾಯಿಲೆಗೆ ನಾವು ಹೀಗೆ ಕಾಯುತ್ತೇವಾ? ಕಾಡಂಚಲ್ಲಿ ಮಂಗ ಸತ್ತುಬಿದ್ದಿದೆ ಅಂತ ಫೋನ್ ಬಂದರೆ ಸಾಕು, ಸುತ್ತ ಔಷಧಿ ಹೊಡೆದು, ಉಣ್ಣಿ ಹಿಡಿದು ಪರೀಕ್ಷೆಗೆ ಕಳಿಸಿ, ದರಕು (ಒಣ ಎಲೆ) ತರಲು ಹೋಗುವವರ ಮನೆಗೆಲ್ಲ ಕೈಕಾಲಿಗೆ ಹಚ್ಚುವ ಎಣ್ಣೆ ಕೊಟ್ಟು ಬರುತ್ತೇವೆ. ಕೋವಿಡ್‌ಗೆ ಆ ಬಾಂಡಿನ ದುಡ್ಡು ಬಿಟ್ಟದ್ದು 2020ರ ಏಪ್ರಿಲ್ ಕೊನೆಗೆ, 64 ದೇಶಗಳಿಗೆ ಸೇರಿ ಸುಮಾರು 19.6 ಕೋಟಿ ಡಾಲರ್.

ಬೈತಖೋಲ ಹುಡುಗ:
ಅಕ್ಕಾ, ಇದನ್ನು ಖಂಡಿತ ಸೇರಿಸುತ್ತೇನೆ. ಖಾಸಗಿಯವರನ್ನೂ ಒಳಗೆ ತರುವ ಏರ್ಪಾಡು ಆಮೇಲಾದರೂ ಬಂತಾ?

ಅಘನಾಶಿನಿ:
ಬಂತು, ಅದೇ 2020ರ ನವೆಂಬರ್‌ನಲ್ಲಿ, ಜಿ20 ಕಾಮನ್ ಫ್ರೇಮ್‌ವರ್ಕ್ ಅಂತ. ಸರ್ಕಾರಗಳು ಬಿಟ್ಟಷ್ಟೇ ರಿಯಾಯಿತಿಯನ್ನು ಸಾಲ ಪಡೆದ ದೇಶ ಖಾಸಗಿಯವರಿಂದಲೂ ಕೇಳಬೇಕು. ಜಾಂಬಿಯಾ 2021ರ ಶುರುವಿಗೇ ಅರ್ಜಿ ಹಾಕಿತು. ಬಾಂಡ್‌ನವರ ಜೊತೆ ವ್ಯವಹಾರ ಮುಗಿದದ್ದು 2024ರ ಜೂನ್‌ನಲ್ಲಿ.